ಒಂದು ಖೋಲಿ, ಇಬ್ಬರು ಗುರುಗಳು

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದಲ್ಲಿ ನಡೆದ ಚರ್ಚಾಕೂಟ ನಿಮಗೆ ನೆನಪಿರಬಹುದು. ವಿಷಯ: 'ಮುಂಬಯಿಯಲ್ಲಿ ಕನ್ನಡ ಶಾಲೆ ಉಳಿದೀತೆ?' ಮಾತಾಡಿದವರು ಏಳು ಜನ, ಅವರಲ್ಲಿ ಆರು ಜನ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಅದು ತಪ್ಪೇನಲ್ಲ, ಅವರ ಭಾಷಣದ ಕನ್ನಡ ನನ್ನ ಕನ್ನಡಕ್ಕಿಂತ ಶುದ್ಧವಾಗಿಯೇ ಇತ್ತು. ಆರೂ ಜನ ಸೇರಿ ಪಾಲಕರನ್ನು ತರಾಟೆಗೆ ತೆಗೆದುಕೊಂಡರು: ತಾಯ್ನುಡಿಯ ಅಭಿಮಾನವಿಲ್ಲ, ಇಂಗ್ಲಿಷಿನ ವ್ಯಾಮೋಹ, ಇತ್ಯಾದಿ. ಏಳನೆಯವನಾದ ನನ್ನ ಸರದಿ ಬರುವ ಹೊತ್ತಿಗೆ ಉಪ್ಪಿಟ್ಟು ಬಂದಿತ್ತು. ಅಧ್ಯಕ್ಷರು "ಎರಡೇ ನಿಮಿಷ" ಅಂದರು. ನಾನು ಗಡಿಬಿಡಿಯಲ್ಲಿ, "ಕನ್ನಡ ಶಾಲೆಗೆ ಬೇಕಾದದ್ದು ಅಭಿಮಾನ ಅಲ್ಲ, ಒಂದೇ ಖೋಲಿಯಲ್ಲಿ ಕೂಡಿ ಪಾಠ ಮಾಡೋಕೆ ಬರುವ ಇಬ್ಬರು ಗುರುಗಳು" ಅಂದೆ. ಕೆಲವರು ನಕ್ಕರು. ಅವರ ತಪ್ಪಲ್ಲ, ಆ ಖೋಲಿಯನ್ನು ಅವರು ನೋಡಿಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಒಂದರಿಂದ ಏಳರವರೆಗೆ ಓದಿದ್ದು ಈ ಊರಿನದೇ ಒಂದು ಕನ್ನಡ ಶಾಲೆಯಲ್ಲಿ. ಹೆಸರು ಬೇಡ. ಒಂದೇ ಕಟ್ಟಡ, ಅದರಲ್ಲಿ ಮೂರು ಭಾಷೆಯ ಶಾಲೆಗಳು, ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ನಮ್ಮ ಪಾಲಿಗಿದ್ದ ಖೋಲಿಗಳಲ್ಲಿ ಒಂದರ ಸ್ಲ್ಯಾಬಿನ ಗಿಲಾವು ಮಳೆಗಾಲದಲ್ಲಿ ಉದುರಿಬಿತ್ತು. ಆಗ ನಾನು ಆರನೆಯ ಇಯತ್ತೆ. "ರಿಪೇರಿ ಆಗೋತನಕ ಒಂದು ತಿಂಗಳು" ಎಂದು ಆರು ಮತ್ತು ಏಳನ್ನು ಒಂದೇ ಖೋಲಿಗೆ ಹಾಕಿದರು. ನಾನು ಏಳು ಮುಗಿಸಿ ಹೊರಬೀಳುವವರೆಗೂ ಆ ಒಂದು ತಿಂಗಳು ಮುಗಿಯಲಿಲ್ಲ.

ಆರಕ್ಕೆ ಟೀಚರ್, ಏಳಕ್ಕೆ ಸರ್. ಎರಡು ಗೋಡೆಗೆ ಎರಡು ಬೋರ್ಡು. ನಾವು ಪಶ್ಚಿಮಕ್ಕೆ ಮುಖ ಮಾಡಿ ಕೂರುವುದು, ಏಳನೆಯವರು ಪೂರ್ವಕ್ಕೆ. ಬೆನ್ನಿಗೆ ಬೆನ್ನು. ಕಡೆಯ ಬೆಂಚಿನವರು ಹಿಂದಕ್ಕೆ ಒರಗಿದರೆ ಏಳರವರ ತಲೆಗೆ ತಲೆ ತಾಗುತ್ತಿತ್ತು. ಸರ್ ಧ್ವನಿ ದೊಡ್ಡದು, ಟೀಚರದು ಸಣ್ಣದು. ಸರ್ ಇತಿಹಾಸ ಪಾಠ ಸುರು ಮಾಡಿದರೆಂದರೆ ಟೀಚರ್ ನಮಗೆ "ಪಾಠ ಹತ್ತು, ಪ್ರಶ್ನೋತ್ತರ ಬರೀರಿ" ಅಂದುಬಿಡುತ್ತಿದ್ದರು. ಆ ವರ್ಷ ನಾವು ಬರೆದಷ್ಟು ನಕಲು ಯಾವ ದಫ್ತರದ ಗುಮಾಸ್ತನೂ ಬರೆದಿರಲಾರ.

ಒಂದು ದಿನ ಸರ್ ಏಳರವರಿಗೆ ಒಂದು ಪ್ರಶ್ನೆ ಕೇಳಿದರು. ಯಾರೂ ಹೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ನನ್ನ ಕಿವಿ ಅಲ್ಲೇ ಇತ್ತಲ್ಲ! ತಿರುಗಿ ಹೇಳಿಬಿಟ್ಟೆ. ಸರ್, "ನಿನ್ನ ಕೇಳಿದ್ದೆನೇನೋ?" ಎಂದು ಬೈದರು. ಟೀಚರ್, "ಇಲ್ಲಿ ಲಕ್ಷ್ಯ ಇಲ್ಲ, ಅಲ್ಲಿ ಅದ" ಎಂದು ನಿಲ್ಲಿಸಿದರು. ಒಂದು ಸರಿ ಉತ್ತರಕ್ಕೆ ಎರಡು ಶಿಕ್ಷೆ. ಮನೆಗೆ ಬಂದು ಹೇಳಿದರೆ ಅವ್ವ ನಕ್ಕಳು: "ಇಬ್ಬರ ಹೊಲದ ಬದುವಿನ ಮ್ಯಾಲ ನಿಂತ ಕರ ಇದ್ದಂಗ ನೀನು, ಎರಡೂ ಕಡಿಂದ ಹೊಡಿತಾರ."

ಇಬ್ಬರೂ ಕೆಟ್ಟವರಲ್ಲ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಸರ್ ತಮ್ಮ ಪಗಾರದಿಂದ ನಮಗೆ ಪೆನ್ನು ತಂದು ಕೊಟ್ಟವರು. ಟೀಚರ್ ನಮ್ಮ ಚಾಳಿಗೇ ಬಂದು, ಶಾಲೆ ಬಿಟ್ಟ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಹೋದವರು. ಇಷ್ಟು ಒಳ್ಳೆಯ ಇಬ್ಬರು ಎರಡು ವರ್ಷ ಒಂದೇ ಖೋಲಿಯಲ್ಲಿದ್ದು ಒಂದು ದಿನವೂ ಕೂತು, 'ನೀವು ಏನು ತೊಗೋತೀರಿ, ನಾನು ಏನು ತೊಗೊಳ್ಳಲಿ' ಎಂದು ಮಾತಾಡಿಕೊಳ್ಳಲಿಲ್ಲ. ಒಂದು ದಿನವೂ ಅಂದೆನೆ? ತಪ್ಪಾಯಿತು. ಹತ್ತು ದಿನ ಮಾತಾಡಿಕೊಂಡರು.

ಅದು ಆಗಸ್ಟಿನಲ್ಲಿ. ಟೀಚರಿಗೆ ಗಂಟಲು ಕಟ್ಟಿ ಧ್ವನಿಯೇ ಹೊರಡದಂತಾಯಿತು. ರಜೆ ಹಾಕುವಂತಿರಲಿಲ್ಲವೋ ಏನೋ, ಶಾಲೆಗೆ ಬರುತ್ತಿದ್ದರು. ಸರ್ ಆಗ ಶೇಕಡಾ ಲೆಕ್ಕ ತೆಗೆದುಕೊಂಡಿದ್ದರು. ಏಳರವರಿಗೆ ಅದು ಪುನರಾವರ್ತನೆ, ನಮಗೆ ಹೊಸದು. "ಎಲ್ಲಾರೂ ಈ ಕಡೆ ತಿರುಗ್ರಿ" ಅಂದರು. ಬೆಂಚು ಎಳೆದ ಸದ್ದು ಇನ್ನೂ ಕಿವಿಯಲ್ಲಿದೆ. ವಡಾಪಾವ್ ಗಾಡಿಯ ಲೆಕ್ಕ ಹಾಕಿದರು: ಬಟಾಟೆ ಎಷ್ಟು, ಎಣ್ಣೆ ಎಷ್ಟು, ಪಾವ್ ಎಷ್ಟು, ನೂರಕ್ಕೆ ಎಷ್ಟು ಉಳಿಯಿತು. ಒಬ್ಬೊಬ್ಬ ಏಳನೆಯವನಿಗೆ ಒಬ್ಬೊಬ್ಬ ಆರನೆಯವನನ್ನು ಜೋಡಿ ಮಾಡಿದರು. ಟೀಚರ್ ಮಾತಾಡಲಾರದೆ ಬೆಂಚಿನ ನಡುವೆ ಓಡಾಡಿ ವಹಿ ನೋಡುತ್ತಿದ್ದರು. ಮೂರನೆಯ ದಿನ ಅವರು ಒಂದು ಚೀಟಿ ಬರೆದು ಸರ್ ಕೈಗೆ ಕೊಟ್ಟರು. ಸರ್ ಅದನ್ನು ಜೋರಾಗಿ ಓದಿಯೇಬಿಟ್ಟರು: "ಇವರಿಗೆ ಲೆಕ್ಕ ಬರ್ತದ, ವಾಕ್ಯ ತಿಳಿಯೂದಿಲ್ಲ."

ನಿಜ ಅದೇ ಆಗಿತ್ತು. 'ಕೊಂಡ ಬೆಲೆ', 'ಮಾರಿದ ಬೆಲೆ', 'ಅಸಲು' ಅಂದರೆ ಏನೆಂದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮನೆಯಲ್ಲಿ ನಾವು ಆಡುವ ಮಾತು ಒಂದು, ಬೀದಿಯಲ್ಲಿ ಹಿಂದಿ-ಮರಾಠಿ, ಪುಸ್ತಕದ ಕನ್ನಡ ಮೂರನೆಯದು. ಬೋರ್ಡಿನ ಮುಂದೆ ನಿಂತು ಪಾಠ ಹೇಳುವವನಿಗೆ ಇದು ಕಾಣುವುದಿಲ್ಲ. ಹುಡುಗನ ಹೆಗಲ ಹಿಂದೆ ನಿಂತು ವಹಿ ನೋಡುವವರಿಗೆ ಮಾತ್ರ ಕಾಣುತ್ತದೆ. ಒಬ್ಬರೇ ಇದ್ದರೆ ಎರಡೂ ಕಡೆ ನಿಲ್ಲುವುದು ಹೇಗೆ? ಮರುದಿನದಿಂದ ಸರ್ ಮೊದಲು ಲೆಕ್ಕದ ವಾಕ್ಯ ಓದಿಸುವುದು, ಟೀಚರ್ ಕಷ್ಟದ ಶಬ್ದ ಬೋರ್ಡಿನ ಮೇಲೆ ಬರೆಯುವುದು, ಆಮೇಲೆ ಲೆಕ್ಕ. ನಾನು ಇವತ್ತು ಕಾಮರ್ಸ್ ಓದುತ್ತಿದ್ದರೆ ಆ ಹತ್ತು ದಿನದ ಕಾರಣಕ್ಕೆ.

ಗಂಟಲು ನೆಟ್ಟಗಾಯಿತು. ಬೆಂಚು ಮತ್ತೆ ತಿರುಗಿದವು.

ಯಾಕೆ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿದೇ ಇತ್ತು. ಟೀಚರ್ ಈಗ ನಿವೃತ್ತರು. ಹೋದ ದೀಪಾವಳಿಗೆ ಮುಂಚೆ ಮಾರ್ಕೆಟಿನಲ್ಲಿ ಸಿಕ್ಕರು, ಕಾಲಿಗೆ ನಮಸ್ಕಾರ ಮಾಡಿ, ಚೀಲ ಹಿಡಿದುಕೊಂಡು ಬಸ್‌ಸ್ಟಾಪಿನವರೆಗೆ ನಡೆದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

"ನೋಡಪ್ಪಾ, ಸಾಹೇಬರು ಬಂದ್ರ ಕೇಳೂದು ಏನು? 'ನಿಮ್ಮ ಇಯತ್ತೆದು ಎಷ್ಟು ಪಾಠ ಆಗ್ಯಾವ?' ಅಂತ. ನನ್ನ ವಹಿ ನನಗ, ಅವರ ವಹಿ ಅವರಿಗೆ. ಮತ್ತ ಇನ್ನೊಂದು ಹೇಳ್ತೀನಿ. ಡಿ.ಎಡ್.ದಾಗ ನಾವು ಪಾಠ ಕೊಡೂಮುಂದ ಒಬ್ಬಾಕಿನ ನಿಂತು ಕೊಡಬೇಕಿತ್ತು. ಉಳಿದವರೆಲ್ಲಾ ಹಿಂದ ಕೂತು ತಪ್ಪು ಬರಕೋತಿದ್ರು. ಖೋಲಿದಾಗ ಇನ್ನೊಬ್ಬ ಮಾಸ್ತರ ಅದಾನಂದ್ರ ನನ್ನ ತಪ್ಪು ಬರಕೊಳ್ಳಾಕತ್ತಾನ ಅಂತನ ಅನಸ್ತಿತ್ತು. ಮೂವತ್ತು ವರ್ಷ ಆದ್ರೂ ಅದು ಹೋಗಲಿಲ್ಲ."

ಮಿತ್ರರೇ, ಈ ಮಾತು ಕೇಳಿದ ದಿನದಿಂದ ನನಗೆ ಬೇರೆ ಏನೂ ಹೊಳೆಯುತ್ತಿಲ್ಲ. ನಾವು ಶಿಕ್ಷಕರನ್ನು ತಯಾರು ಮಾಡುವ ರೀತಿಯಲ್ಲೇ ಇನ್ನೊಬ್ಬ ಶಿಕ್ಷಕನೆಂದರೆ ಪರೀಕ್ಷಕ ಎಂದು ಕಲಿಸಿಬಿಟ್ಟಿದ್ದೇವೆ. ಆಮೇಲೆ ಇಬ್ಬರನ್ನು ಒಂದು ಖೋಲಿಗೆ ಹಾಕಿ ಹೊಂದಿಕೊಂಡು ಹೋಗಿರಿ ಅನ್ನುತ್ತೇವೆ.

ಅದು ಹಳೆಯ ಕಾಲ ಎಂದೀರಿ. ನನ್ನ ದೊಡ್ಡಪ್ಪನ ಮಗಳು ಅಕ್ಕ ಈಗ ಬಿ.ಎಡ್. ಮಾಡುತ್ತಿದ್ದಾಳೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮ ಬದಲಿಸಿತು. ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಗೆ ಹೋಗಿ ಕಲಿಯುವ ಕಾಲ ಒಟ್ಟು 20 ವಾರವಾಯಿತು. ಒಳ್ಳೆಯದೇ. ಎಲ್ಲ ರೀತಿಯ ಮಕ್ಕಳನ್ನೂ ಒಳಗೊಳ್ಳುವ ಶಾಲೆಯನ್ನು ಕುರಿತು ಒಂದು ಪಠ್ಯವಿಷಯವೂ ಸೇರಿತು. ಅಕ್ಕನನ್ನು ಕೇಳಿದೆ: "ಆ 20 ವಾರದಾಗ ಇನ್ನೊಬ್ಬರ ಜೋಡಿ ಕೂಡಿ ಒಂದು ಪಾಠ ಮಾಡೀಯೇನಕ್ಕಾ?" ಅವಳು ನನ್ನ ಮುಖ ನೋಡಿದಳು. "ಮಾರ್ಕ್ಸು ಯಾರಿಗೆ ಕೊಡಬೇಕೋ ಆಮೇಲೆ?" ಆರು ನಿಮಿಷದ ಸೂಕ್ಷ್ಮಪಾಠವೂ ಒಬ್ಬಳದೇ, ಪಾಠಯೋಜನೆಯ ವಹಿಯೂ ಒಬ್ಬಳದೇ. ಒಳಗೊಳ್ಳುವ ಶಾಲೆಯ ಪರೀಕ್ಷೆಗೆ ಹದಿನೈದು ಪುಟದ ನೋಟ್ಸು ಇದೆಯಂತೆ, ಸಹಕಾರದ ಮಹತ್ವ ಎಂಬ ತಲೆಬರಹದ ಕೆಳಗೆ ಎಂಟು ಅಂಶಗಳೂ ಇವೆಯಂತೆ. ಈಜುವುದನ್ನು ನೋಟ್ಸಿನಲ್ಲಿ ಕಲಿತಂತೆ.

ಇಲ್ಲಿ ನನ್ನ ಪಕ್ಕದ ಬೆಂಚಿನ ಗೆಳೆಯನ ಸಂಗತಿ ಬರೆಯಬೇಕು. ಹೆಸರು ಬರೆಯುವುದಿಲ್ಲ. ಅವನಿಗೆ ಕಿವಿ ಸ್ವಲ್ಪ ಮಂದ. ತುಟಿ ನೋಡಿ ಅರ್ಧ ಊಹಿಸುತ್ತಿದ್ದ. ಗುರುವಾರಕ್ಕೊಮ್ಮೆ ವಿಶೇಷ ಶಿಕ್ಷಕಿಯೊಬ್ಬರು ಬಂದು ಅವನನ್ನು ವರಾಂಡದಲ್ಲಿ ಕೂರಿಸಿಕೊಂಡು ಏನೇನೋ ಕಲಿಸುತ್ತಿದ್ದರು, ನಾವು ಕಿಟಕಿಯಿಂದ ನೋಡುತ್ತಿದ್ದೆವು. ಅವರು ನಮ್ಮ ಟೀಚರಿಗೆ ಹೇಳಿದ್ದರು: ಇವನನ್ನು ಮೊದಲ ಬೆಂಚಿಗೆ ಹಾಕಿ, ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ಅವನ ಕಡೆ ತಿರುಗಿ ಹೇಳಿ. ಟೀಚರ್ ಹಾಗೆಯೇ ಮಾಡಿದರು. ಅವನು ಆರು ಪಾಸಾದ. ಏಳಕ್ಕೆ ಬಂದೆವು. ಅಂದರೆ ಅದೇ ಖೋಲಿಯ ಈ ತುದಿಯಿಂದ ಆ ತುದಿಗೆ, ಹದಿನೈದು ಅಡಿ. ಆ ಮಾತು ಮಾತ್ರ ಹದಿನೈದು ಅಡಿ ದಾಟಲಿಲ್ಲ. ಸರಿಗೆ ಟೀಚರ್ ಹೇಳಲಿಲ್ಲ, ಸರ್ ಕೇಳಲಿಲ್ಲ, ಗುರುವಾರದ ಶಿಕ್ಷಕಿ ಬಂದಾಗ ಸರ್ ಪಾಠದಲ್ಲಿರುತ್ತಿದ್ದರು. ಎತ್ತರದ ಹುಡುಗ ಎಂದು ಅವನು ಕಡೆಯ ಬೆಂಚಿಗೆ ಹೋದ. ಅಲ್ಲಿ ಅವನ ಬೆನ್ನ ಹಿಂದೆಯೇ ಆರನೆಯವರ ಗದ್ದಲ. ಏಳಕ್ಕೆ ಶಾಲೆ ಬಿಟ್ಟ. ಈಗ ಒಂದು ಹೋಟೆಲಿನಲ್ಲಿ ಚಹಾ ಹಿಡಿಯುತ್ತಾನೆ, ನಾನು ಹೋದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳು ಉಳಿದವರ ಜತೆ ಒಂದೇ ಶಾಲೆಯಲ್ಲಿ ಕಲಿಯಬೇಕು, ಅದಕ್ಕೆ ಬೇಕಾದ ಸೌಕರ್ಯ ಮಾಡಿಕೊಡಬೇಕು ಎನ್ನುತ್ತದೆ. ಸರಿ. ಆದರೆ ಮೂವರು ಶಿಕ್ಷಕರು ವಾರಕ್ಕೆ ಅರ್ಧ ತಾಸು ಒಟ್ಟಿಗೆ ಕೂರದಿದ್ದರೆ ಕಾಯ್ದೆ ಏನು ಮಾಡೀತು?

ನಮ್ಮ ಸಂಘದ ಒಬ್ಬ ಹಿರಿಯರು (ಅವರ ಮೇಲೆ ನನಗೆ ತುಂಬ ಗೌರವವಿದೆ) ನನ್ನ ಮಾತಿಗೆ ಹೇಳಿದ್ದು ಇಷ್ಟು: "ತಮ್ಮಾ, ಇದು ಸರಕಾರಕ್ಕೆ ನೀನೇ ನೆಪ ಕೊಟ್ಟ ಹಾಗೆ. ಕೂಡಿ ಪಾಠ ಮಾಡಲು ಕಲಿಸಿದರೆ ನಾಳೆ ಖೋಲಿಯನ್ನೂ ಕೊಡುವುದಿಲ್ಲ, ಶಿಕ್ಷಕರನ್ನೂ ಕೊಡುವುದಿಲ್ಲ. ಒಂದು ಇಯತ್ತೆಗೆ ಒಬ್ಬ ಶಿಕ್ಷಕ, ಒಂದು ಖೋಲಿ ಎಂದು ಹೋರಾಡಬೇಕು." ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಭಯ ನಿಜವಾದದ್ದೇ. ಆದರೆ ಲೆಕ್ಕ ನೋಡೋಣ, ಅದು ನನ್ನ ಕಸುಬು.

1987ರಲ್ಲಿ ಕೇಂದ್ರ ಸರಕಾರ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂಬ ಯೋಜನೆ ಹೊರಡಿಸಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಖೋಲಿ, ಇಬ್ಬರು ಶಿಕ್ಷಕರು, ಇದು ಅದರ ಗುರಿ. ಕನಿಷ್ಠ ಎರಡು ಎಂಬುದೇ ಗುರಿಯಾಗಿತ್ತೆಂದರೆ ಅದಕ್ಕಿಂತ ಮುಂಚೆ ಏನಿತ್ತೆಂದು ಊಹಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಏನು ಹೇಳುತ್ತದೆ? ಒಂದರಿಂದ ಐದರವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಒಬ್ಬೊಬ್ಬ ಶಿಕ್ಷಕನಿಗೆ ಕನಿಷ್ಠ ಒಂದು ಖೋಲಿ. ಈಗ ಭಾಗಾಕಾರ ಮಾಡಿ: ಇಯತ್ತೆ ಐದು, ಶಿಕ್ಷಕರು ಎರಡು, ಖೋಲಿ ಎರಡು. ಕಾಯ್ದೆಯನ್ನು ಅಕ್ಷರಶಃ ಪಾಲಿಸಿದ ಸಣ್ಣ ಶಾಲೆಯಲ್ಲೂ ಎರಡು ಮೂರು ಇಯತ್ತೆಗಳು ಒಂದೇ ಖೋಲಿಯಲ್ಲಿ ಕೂರಲೇಬೇಕು. ಆರರಿಂದ ಎಂಟರವರೆಗಾದರೆ ಒಂದು ಇಯತ್ತೆಗೆ ಕನಿಷ್ಠ ಒಬ್ಬರಂತೆ, ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಬೇಕೆಂದು ಅದೇ ಅನುಸೂಚಿಯಲ್ಲಿದೆ. ಅಂದರೆ ಅಲ್ಲಿ ಮಕ್ಕಳನ್ನೇ ಹಂಚಿಕೊಳ್ಳಬೇಕು. ಹಂಚಿಕೆ ನೆಪವಲ್ಲ, ಸಣ್ಣ ಶಾಲೆಯ ದಿನನಿತ್ಯದ ಸ್ಥಿತಿ. ಮುಂಬಯಿಯ ಕನ್ನಡ ಶಾಲೆಗಳು ಸಣ್ಣವಾಗುತ್ತಲೇ ಇವೆ. ಆದರೆ ಅಧ್ಯಾಪಕರ ಕಾಲೇಜುಗಳು ಮಾತ್ರ ಇಂದಿಗೂ ಒಬ್ಬ ಶಿಕ್ಷಕ, ಒಂದು ಇಯತ್ತೆ, ನಲವತ್ತು ಮಕ್ಕಳು, ಒಂದು ವಿಷಯ ಎಂದು ಕಣ್ಣು ಮುಚ್ಚಿ ಪಾಠ ಕೊಡಿಸುತ್ತವೆ.

ಕರ್ನಾಟಕದಲ್ಲಿ ಈ ಸ್ಥಿತಿಯನ್ನು ಒಪ್ಪಿಕೊಂಡು ಕೆಲಸ ಮಾಡಿದ ಒಂದು ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸುರುವಾದ 'ನಲಿ-ಕಲಿ'. ಆಂಧ್ರದ ರಿಷಿವ್ಯಾಲಿಯಲ್ಲಿ ಹಲವು ಇಯತ್ತೆಯ ಮಕ್ಕಳು ಒಟ್ಟಿಗೆ ಕಲಿಯುವುದನ್ನು ನೋಡಿಬಂದ ತಾಲೂಕಿನ ಶಿಕ್ಷಕರೇ ಕೂಡಿ ಕುಳಿತು ಕಾರ್ಡು, ಕಲಿಕೆಯ ಏಣಿ, ಹಾಡು ಎಲ್ಲ ಕಟ್ಟಿದರು. 2009-10ರಿಂದ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿಸಿದರು. ನಮ್ಮ ಊರಿಗೆ ಹೋದಾಗ ನಾನು ಒಂದು ಶಾಲೆಯಲ್ಲಿ ನೋಡಿದ್ದೇನೆ: ಒಂದು, ಎರಡು, ಮೂರರ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ, ತಲೆಯ ಮೇಲೆ ದಾರದ ಚಪ್ಪರಕ್ಕೆ ಅವರದೇ ಚಿತ್ರಗಳು ತೂಗುಬಿದ್ದು, ಒಂದು ಗುಂಪಿನ ಜತೆ ಅಕ್ಕೋರು, ಉಳಿದ ಗುಂಪುಗಳು ಒಬ್ಬರಿಗೊಬ್ಬರು ಹೇಳಿಕೊಡುತ್ತ. ಎಲ್ಲ ಕಡೆ ಅಷ್ಟೇ ಚೆನ್ನಾಗಿ ನಡೆಯುತ್ತದೆಂದು ನಾನು ಹೇಳಲಾರೆ. ಅಲ್ಲದೆ ಅಲ್ಲಿ ಇರುವುದು ಒಬ್ಬರೇ ಶಿಕ್ಷಕರ ಪ್ರಶ್ನೆ, ನನ್ನದು ಇಬ್ಬರ ಪ್ರಶ್ನೆ. ಆದರೂ ಖೋಲಿ ಹಂಚಿಕೆಯಾಗಿದೆ ಎಂಬುದನ್ನು ಸತ್ಯವೆಂದು ಒಪ್ಪಿದ ಮೇಲೆ ಏನೇನು ಹೊಳೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ನನ್ನ ಕಾಮರ್ಸ್ ಬುದ್ಧಿ. ನಗಬೇಡಿ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ನಮಗೆ ಪಠ್ಯ. ಇಬ್ಬರು ಕೂಡಿ ಅಂಗಡಿ ಹಾಕಿದರೆ, ಕರಾರು ಬರೆದುಕೊಂಡಿರದಿದ್ದರೂ ಕಾಯ್ದೆ ಅವರನ್ನು ಕೈಬಿಡುವುದಿಲ್ಲ. ಲಾಭ-ಹಾನಿ ಸಮಪಾಲು. ಪ್ರತಿಯೊಬ್ಬನಿಗೂ ವ್ಯವಹಾರದಲ್ಲಿ ಕೈಹಾಕುವ ಹಕ್ಕು. ಪ್ರತಿಯೊಬ್ಬನಿಗೂ ಲೆಕ್ಕದ ಪುಸ್ತಕ ನೋಡುವ ಹಕ್ಕು. ಒಬ್ಬರಿಗೊಬ್ಬರು ನಿಷ್ಠೆಯಿಂದಿದ್ದು ಪೂರ್ತಿ ಮಾಹಿತಿ ಕೊಡುವ ಕರ್ತವ್ಯ. ಕಿರಾಣಿ ಅಂಗಡಿಗೆ ಇಷ್ಟೆಲ್ಲ ಇದೆ. ಇಪ್ಪತ್ತೈದು ಮಕ್ಕಳನ್ನು ಇಬ್ಬರ ಕೈಗೆ ಒಪ್ಪಿಸಿದ ಖೋಲಿಗೆ? ಟೀಚರ ವಹಿ ಸರ್ ನೋಡುವಂತಿಲ್ಲ, ಸರ್ ವಹಿ ಟೀಚರ್ ನೋಡುವಂತಿಲ್ಲ. ನನ್ನ ಗೆಳೆಯನ ಕಿವಿಯ ಸಂಗತಿ ಒಂದು ಲೆಕ್ಕದ ಪುಸ್ತಕದಲ್ಲಿತ್ತು, ಇನ್ನೊಬ್ಬ ಪಾಲುದಾರನಿಗೆ ಅದು ತೋರಿಸಲ್ಪಡಲಿಲ್ಲ.

ಹಾಗಾದರೆ ಏನು ಕಲಿಸಬೇಕು? ಭಾವೀ ಶಿಕ್ಷಕರಿಗೆ ಆ 20 ವಾರಗಳಲ್ಲಿ ನಾಲ್ಕು ವಾರವಾದರೂ ಜೋಡಿಯಾಗಿ ಪಾಠ ಕೊಡಿಸಿ. ಒಂದೇ ಪಾಠಯೋಜನೆ, ಇಬ್ಬರ ಸಹಿ, ಇಬ್ಬರಿಗೂ ಅವೇ ಅಂಕ. ಆಗ ನೋಡಿ, ಹಿಂದೆ ಕೂತವಳು ತಪ್ಪು ಬರೆದುಕೊಳ್ಳುವುದಿಲ್ಲ, ಎದ್ದು ಬಂದು ಸಹಾಯ ಮಾಡುತ್ತಾಳೆ. ಅಂಕ ಅವಳದೂ ಅಲ್ಲವೇ? ಅಮೆರಿಕದಲ್ಲಿ ಮೆರಿಲಿನ್ ಫ್ರೆಂಡ್, ಲಿನ್ ಕುಕ್ ಎಂಬಿಬ್ಬರು ವಿದುಷಿಯರು ಇಂಥ ಕೂಡುಪಾಠದ ಬಗೆಗಳನ್ನು ವಿಂಗಡಿಸಿದ್ದಾರೆ: ಒಬ್ಬರು ಕಲಿಸಿ ಒಬ್ಬರು ಗಮನಿಸುವುದು, ತರಗತಿಯನ್ನು ಎರಡು ಮಾಡಿಕೊಂಡು ಅದನ್ನೇ ಕಲಿಸುವುದು, ಹಿಂದುಳಿದ ನಾಲ್ಕಾರು ಮಕ್ಕಳನ್ನು ಒಬ್ಬರು ಬೇರೆ ಕೂರಿಸಿಕೊಳ್ಳುವುದು, ಹೀಗೆ. ನಮ್ಮ ಸರ್-ಟೀಚರ್ ಹೆಸರು ಗೊತ್ತಿಲ್ಲದೆ ಆ ಹತ್ತು ದಿನ ಇದನ್ನೇ ಮಾಡಿದ್ದರು. ಒಂದು ಅಪಾಯವಿದೆ: ಒಬ್ಬರು ಕಲಿಸಿ ಒಬ್ಬರು ಸಹಾಯ ಮಾಡುವ ಪದ್ಧತಿಯಲ್ಲಿ ಸಹಾಯ ಮಾಡುವವರು ಬಹುಬೇಗ ನೀರಿನ ಹೂಜಿ ತುಂಬಿಸುವವರಾಗಿಬಿಡುತ್ತಾರೆ. ಅದು ಯಾವಾಗಲೂ ಟೀಚರೇ ಆಗಿರುತ್ತಾರೆ, ಸರ್ ಅಲ್ಲ. ನಮ್ಮ ಸಂಘದ ಸಭೆಯಲ್ಲಿ ಚಹಾ ಯಾರು ಕೊಡುತ್ತಾರೆ, ನೋಡಿಕೊಳ್ಳಿ. ಆದ್ದರಿಂದ ವಾರಕ್ಕೊಮ್ಮೆ ಅದಲು ಬದಲು ಕಡ್ಡಾಯ ಮಾಡಬೇಕು.

ಜಗಳ ಆಡುವುದನ್ನೂ ಕಲಿಸಬೇಕು. ಮಕ್ಕಳೆದುರಿಗೆ ಒಬ್ಬರನ್ನೊಬ್ಬರು ತಿದ್ದಬಾರದು, ಆಮೇಲೆ ಸುಮ್ಮನೂ ಇರಬಾರದು; ಇದು ಸಂಸಾರದಲ್ಲೇ ಕಷ್ಟ, ಅಭ್ಯಾಸವಿಲ್ಲದೆ ಶಾಲೆಯಲ್ಲಿ ಬರುತ್ತದೆಯೆ? ಇಷ್ಟೆಲ್ಲ ಕಲಿತು ಬಂದರೂ ವೇಳಾಪತ್ರಿಕೆಯಲ್ಲಿ ಇಬ್ಬರೂ ಕೂತು ಮಾತಾಡುವ ಒಂದು ಪಿರಿಯಡ್ ಇಲ್ಲದಿದ್ದರೆ ವ್ಯರ್ಥ. ಸಾಹೇಬರು 'ನಿಮ್ಮ ಇಯತ್ತೆಯದು ಎಷ್ಟಾಯಿತು' ಎನ್ನುವ ಬದಲು 'ನಿಮ್ಮಿಬ್ಬರ ಖೋಲಿಯದು ಎಷ್ಟಾಯಿತು' ಎಂದು ಕೇಳಬೇಕು.

ಹಿರಿಯರ ಭಯಕ್ಕೆ ನನ್ನ ಉತ್ತರ: ಖೋಲಿಗಾಗಿ, ಶಿಕ್ಷಕರ ನೇಮಕಕ್ಕಾಗಿ ಹೋರಾಟ ನಡೆಯಲಿ, ನಾನೂ ಬರುತ್ತೇನೆ. ಆದರೆ ನನ್ನ ತಂಗಿ ಈಗ ನಾಲ್ಕನೆಯ ಇಯತ್ತೆ. ಅವಳ ಖೋಲಿಯಲ್ಲೂ ಎರಡು ಇಯತ್ತೆ. ಹೋರಾಟ ಗೆಲ್ಲುವವರೆಗೆ ಅವಳು ನಾಲ್ಕರಲ್ಲೇ ಕಾಯುವುದಿಲ್ಲ. ಅಪ್ಪ ಸೆಂಟ್ರಿಂಗ್ ಕೆಲಸದಿಂದ ಬಂದು ಕೈಕಾಲು ತೊಳೆದು ಕೇಳುತ್ತಾನೆ, "ಇವತ್ತು ಏನು ಕಲಿಸಿದ್ರು?" ಅವಳು "ಬರದೀವಿ" ಅನ್ನುತ್ತಾಳೆ. ಅಪ್ಪನಿಗೆ ಈಗ ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕುವ ಯೋಚನೆ. ಅವನಿಗೆ ತಾಯ್ನುಡಿಯ ಅಭಿಮಾನವಿಲ್ಲ ಎಂದು ಭಾಷಣ ಮಾಡುವ ಧೈರ್ಯ ನನಗಿಲ್ಲ.

ನಾನು ಸಂಘಕ್ಕೆ ಒಂದು ಅರ್ಜಿ ಕೊಟ್ಟಿದ್ದೇನೆ. ಈ ಸಲದ ವಾರ್ಷಿಕೋತ್ಸವದಲ್ಲಿ ಒಂದು ಭಾಷಣ ಕಡಿಮೆ ಮಾಡಿ, ಕನ್ನಡ ಶಾಲೆಗಳ ಇಬ್ಬರು ಶಿಕ್ಷಕರನ್ನು ಕರೆಯೋಣ. ಅವರು ನಮ್ಮೆದುರಿಗೆ, ನಿಜವಾದ ಮಕ್ಕಳಿಗೆ, ಕೂಡಿ ಒಂದು ಪಾಠ ಮಾಡಲಿ. ಬಿ.ಎಡ್. ಓದುವ ನಮ್ಮ ಅಕ್ಕ-ಅಣ್ಣಂದಿರು ಬಂದು ಹಿಂದೆ ಕೂರಲಿ, ವಹಿ-ಪೆನ್ನು ಹೊರಗೆ ಇಟ್ಟು ಬರಲಿ. ಕಾರ್ಯದರ್ಶಿಗಳು "ನೋಡೋಣ" ಅಂದಿದ್ದಾರೆ. ಖರ್ಚಿನ ಅಂದಾಜನ್ನೂ ಬರೆದು ಕೊಟ್ಟಿದ್ದೇನೆ: ಇಬ್ಬರ ಬಸ್ ಭಾಡಿಗೆ, ಒಂದು ಡಬ್ಬಿ ಚಾಕು, ಮಕ್ಕಳಿಗೆ ಬಿಸ್ಕೀಟು, ಎಲ್ಲರಿಗೂ ಚಹಾ. ಚಹಾ ನನ್ನ ಗೆಳೆಯನ ಹೋಟೆಲಿನಿಂದ ತರಿಸೋಣ, ಅವನು ಬರುವುದಾದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನಾನು ಹಿಡಿದಿಡುತ್ತೇನೆ.